ಎರಡು ಹಾಳೆ ಖಾಲಿ ಬಿಟ್ಟ ಮಾಸ್ತರು

ಮಾಸ್ತರು ತೀರಿಕೊಂಡು ಮೂರು ತಿಂಗಳಾಗಿತ್ತು. ಅಕ್ಕಿಆಲೂರಿನಲ್ಲಿ ಒಂದು ಮನೆಯ ಸ್ಲ್ಯಾಬು ಹಾಕಿಸಿ, ಮರುದಿನ ಅದಕ್ಕೆ ನೀರು ಬಿಡುತ್ತಿದ್ದೆ. ಕೈಕೆಳಗೆ ಎಷ್ಟು ಜನರಿದ್ದರೂ ಸ್ಲ್ಯಾಬಿಗೆ ನೀರು ಮಾತ್ರ ನಾನೇ ಬಿಡುವುದು. ಬೇರೆಯವರು ಮೂಲೆ ಬಿಟ್ಟುಬಿಡುತ್ತಾರೆ. ಆಗ ಮಾಸ್ತರ ಮಗಳ ಫೋನು ಬಂತು. ಹಾನಗಲ್ಲಿನಲ್ಲಿ ಅಂಗನವಾಡಿ ನಡೆಸುವ ಹೆಣ್ಣುಮಗಳು.

"ಕಾಕಾ, ಅಪ್ಪನ ಬುಕ್ಕ ಅಚ್ಚಿಗೆ ಕೊಡಾಕತ್ತೇವ್ರಿ. ಅದರಾಗ ಎರಡ ಹಾಳಿ ನಿಮ್ಮ ಹೆಸರೀಲೆ ಬಿಟ್ಟಾರ."

"ಏನ ಬರದಾರ?"

"ಏನೂ ಬರದಿಲ್ಲರಿ. ಮ್ಯಾಲ ನಿಮ್ಮ ಹೆಸರೈತಿ, ನಿಮ್ಮ ತಂದಿ ಹೆಸರೈತಿ, ನೀವಿದ್ದ ಊರ ಹೆಸರೈತಿ. ಕೆಳಗೆಲ್ಲಾ ಖಾಲಿ. ಬಾಜೂಕ ಪೆನ್ಸಿಲ್ಲೀಲೆ ಬರದಾರ, ಇದನ್ನ ಅವನ ಬರೀಬೇಕು, ಬರೀಲಿಲ್ಲಂದ್ರ ಖಾಲೀನ ಅಚ್ಚ ಹಾಕಸ್ರಿ ಅಂತ. ಹದಿನೈದ ದಿನ ಟೈಮ್ ಐತ್ರಿ ಕಾಕಾ."

ಆ ಹಾಳೆಯಲ್ಲಿ ಏನು ಬರೆಯಬೇಕೆಂದು ನಾನು ಅವಳನ್ನು ಕೇಳಲಿಲ್ಲ. ನನಗೆ ಗೊತ್ತಿತ್ತು. ಆ ಊರಿನ ಒಂದು ಮನೆಯಲ್ಲಿ ನಾನು ಒಂಬತ್ತು ವರ್ಷ ಜೀತಕ್ಕಿದ್ದೆನೋ ಇಲ್ಲವೋ, ಅಷ್ಟೇ ಮಾತು. ಆ ಮಾತನ್ನು ನಾನು ಕಟ್ಟಿಕೊಂಡ ಹೆಂಡತಿಗೂ ಹೇಳಿದವನಲ್ಲ. "ದೊಡ್ಡವರ ಮನೆಯಲ್ಲಿ ಬೆಳೆದವನು" ಎಂದಷ್ಟೇ ಹೇಳಿಕೊಂಡು ಇಲ್ಲಿಯವರೆಗೆ ಬಂದಿದ್ದೇನೆ. ನಾಲ್ಕು ತಾಲೂಕಿನಲ್ಲಿ ನಾನು ಕಟ್ಟಿದ ಮನೆಗಳಿವೆ. ಒಂದಾದರೂ ಬಿರುಕು ಬಿಟ್ಟಿದೆಯೆಂದು ಯಾರೂ ಬೆರಳು ತೋರಿಸಿಲ್ಲ. ಅಂಥವನಿಗೆ ಎರಡು ಹಾಳೆ ಕಾಗದ ಕೊಟ್ಟು ಹೋದರು ಮಾಸ್ತರು.

ಮಾಸ್ತರು ಎಂದು ಎಲ್ಲರೂ ಕರೆಯುತ್ತಿದ್ದರೇ ಹೊರತು, ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ, ಕಲಿತವರೂ ಅಲ್ಲ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಏಳು ನೋಟುಬುಕ್ಕುಗಳ ತುಂಬ ತಮ್ಮ ಬಾಳನ್ನೂ ಊರೂರಿನ ಆಳುಗಳ ಬಾಳನ್ನೂ ಬರೆದಿಟ್ಟವರು, ಮೊದಲ ಹಾಳೆಯಲ್ಲಿ ತಮ್ಮ ಹೆಸರು ಹಾಕಿಕೊಂಡಿಲ್ಲ. ಮಗಳು ಕೇಳಿದ್ದಕ್ಕೆ, "ಅರ್ಜಿ ಬುಡಕ ಬರದವರ ಹೆಸರ ಇರ್ತೈತಲ್ಲವಾ, ಬೇಕಾದವರು ಕಚೇರಿ ಫೈಲನ್ಯಾಗ ಹುಡುಕ್ಲಿ" ಎಂದರಂತೆ. ಅವರು ಮಾಡಿದ್ದು ಸರಿಯೋ ತಪ್ಪೋ ನನಗೆ ತಿಳಿಯದು. ಆದರೆ ಅವರು ಹಾಕದ ಹೆಸರನ್ನು ನಾನು ಹಾಕಲಾರೆ.

ಎಂಟನೇ ವಯಸ್ಸಿನಲ್ಲಿ ಅವರನ್ನು ಹಾನಗಲ್ಲಿನಿಂದ ತಡಸಕ್ಕೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ಜೀತಕ್ಕೆ ಬಿಟ್ಟಿದ್ದರು. ತಾಯಿಯ ಔಷಧಕ್ಕೆಂದು ತಂದೆ ಮಾಡಿದ ಸಾಲ ಅದು. ತಾಯಿ ಆ ವರ್ಷವೇ ತೀರಿದರು, ಸಾಲ ತೀರಲಿಲ್ಲ. ಇಪ್ಪತ್ತೆರಡು ವರ್ಷ ಅದೇ ಮನೆಯ ಎಮ್ಮೆ ಕಾಯ್ದರು, ಅದೇ ಹೊಲ ಉತ್ತರು. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ನೋಡಿ. ಎಮ್ಮೆ ಹೊಡೆದುಕೊಂಡು ರಸ್ತೆಯ ದಂಡೆಗೆ ನಿಂತಾಗ ಕಂಡಕ್ಟರು ಯಾವ ಊರು ಕೂಗುತ್ತಾನೋ ಕೇಳಿ, ಬೋರ್ಡಿನ ಮೇಲಿನ ಅಕ್ಷರಕ್ಕೆ ಅದನ್ನು ಹೊಂದಿಸಿಕೊಳ್ಳುವುದು. ಮೊದಲು ಓದಲು ಬಂದದ್ದು ತಡಸ.

"ತಡಸ ಭಾಳ ಸರಳ ಊರಪಾ," ಎನ್ನುತ್ತಿದ್ದರು. "ಗುಡಿಸಿಲ್ಲ, ಕೊಂಬಿಲ್ಲ, ದೀರ್ಘ ಇಲ್ಲ. ಮೂರ ಅಕ್ಷರ ಎಮ್ಮಿ ಮಲಕ್ಕೊಂಡಂಗ ಸುಮ್ನ ಮಲಕ್ಕೊಂಡಾವ. ಹಾನಗಲ್ಲ ಬರಾಕ ಇನ್ನೊಂದ ಮಳಿಗಾಲ ಹೋತು. ಹಿರೇಕೆರೂರಿನ ಬಸ್ಸು ಆ ಹಾದೀಗೆ ಬರತಿದ್ದಿಲ್ಲ, ಅದಕ್ಕ ನನಗ ಏತ್ವ ಕಲಿಯೂದು ತಡಾ ಆತು."

ಜೀತ ರದ್ದಾದ ಸುದ್ದಿಯನ್ನೂ ಅವರು ಓದಿಯೇ ತಿಳಿದದ್ದು. ಬಸ್ಸಿನಿಂದ ಇಳಿದವರು ಮಿರ್ಚಿ ತಿಂದು ಎಸೆದ ಪೇಪರು. ಜೀತಕ್ಕೆ ಇಟ್ಟುಕೊಳ್ಳುವುದು ಇನ್ನು ಮುಂದೆ ಅಪರಾಧ ಎನ್ನುವವರೆಗೆ ಓದಲು ಬಂತು. ಅದರ ಕೆಳಗೆ ಎಣ್ಣೆ ಕಲೆ. ಸರಕಾರಕ್ಕೆ ಅವರು ಬರೆದ ಮೊದಲ ಅರ್ಜಿ ಬಿಡುಗಡೆ ಕೇಳುವುದೇ ಆಗಿರಲಿಲ್ಲ. ಕೆಳಗಿನದು ಎಣ್ಣೆಯಲ್ಲಿ ಹೋಗಿದೆ, ಈ ಕಾನೂನು ನಮ್ಮ ಕಡೆಗೂ ಇದೆಯೋ ಇಲ್ಲವೋ ದಯಮಾಡಿ ತಿಳಿಸಬೇಕು ಎಂದು ಬರೆದಿದ್ದರು, ಒತ್ತಕ್ಷರ ಒಂದೂ ಇಲ್ಲದೆ. ಉತ್ತರ ಬರಲಿಲ್ಲ. ಮತ್ತೆ ಬರೆದರು. ಐದನೆಯದು ಬರೆದ ಮೇಲೆ ಕಾಲ್ನಡಿಗೆಯಲ್ಲಿ ಸವಣೂರಿನ ಉಪವಿಭಾಗ ಕಚೇರಿಗೆ ಹೋಗಿ ಹೊರಗೆ ನಿಂತರು. ಜವಾನ ಮೂರು ಸಲ ಹೊರಗೆ ಹಾಕಿದ. ನಾಲ್ಕನೇ ಸಲ ಸಾಹೇಬರೇ ಕರೆದು, ಇದನ್ನು ಬರೆದವರು ಯಾರು ಎಂದು ಕೇಳಿದರು. ನಾನೇ ಎಂದರೆ ನಂಬದೆ, ಎದುರಿಗೇ ಬರೆಸಿ ನೋಡಿದರು. ಬಿಡುಗಡೆಯ ಕಾಗದ ಕೈಗೆ ಬಂದ ದಿವಸ ಮಾಸ್ತರು ಪೇಟೆಗೆ ಹೋಗಿ ಸವಣೂರು ಖಾರಾ ಕಟ್ಟಿಸಿಕೊಂಡರು. ಮೂವತ್ತು ವರ್ಷದ ಮನುಷ್ಯ, ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ, ತಿರುಗಿ ಕಚೇರಿಗೆ ಹೋಗಿ ಅದೇ ಜವಾನನಿಗೆ ಕೊಟ್ಟರಂತೆ.

ಅಲ್ಲಿಂದ ಮುಂದೆ ಅವರಿಗೆ ಅದೇ ಕೆಲಸವಾಯಿತು. ಹೊಟ್ಟೆಗೆ ಅಕ್ಕಿ ಗಿರಣಿಯಲ್ಲಿ ಹಮಾಲಿ. ಉಳಿದ ಹೊತ್ತಿನಲ್ಲಿ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂದು ತಿರುಗಿ, ಎಲ್ಲಿ ಯಾರು ಜೀತಕ್ಕಿದ್ದಾರೆ ಎಂದು ಕೇಳಿ, ಅವರ ಪರವಾಗಿ ಬರೆಯುವುದು. ಬರೆಯುವ ರೀತಿಯೂ ಒಂದು ನಮೂನೆ. ಮೊದಲ ಸಾಲು ಯಾವಾಗಲೂ ಊಟದ್ದು. ಈ ಮನುಷ್ಯ ನಿನ್ನೆ ಏನು ಉಂಡ, ಎಲ್ಲಿ ಕುಳಿತು ಉಂಡ, ಯಾವುದರಲ್ಲಿ ಹಾಕಿಕೊಟ್ಟರು. ಕಚೇರಿಯ ಕಾರಕೂನರು ಸಿಟ್ಟಾಗುತ್ತಿದ್ದರು.

"ಏನ್ರಿ ಮಾಸ್ತರ, ಅರ್ಜ್ಯಾಗ ರೊಟ್ಟಿ ಪಲ್ಯಾ ಯಾಕ ಬರೀತೀರಿ?"

"ಸರಕಾರಕ್ಕ ಕೂಲಿ ಲೆಕ್ಕ ತಿಳೀತೈತ್ರಿ, ಆಳು ಎಲ್ಲಿ ಕುಂತ ಉಣ್ತಾನ ಅನ್ನೂದು ತಿಳಿಯಂಗಿಲ್ಲ. ಅದಕ್ಕ ಬರೀತೇನಿ."

ಕಚೇರಿಯಲ್ಲಿ ಕುರ್ಚಿ ಕೊಟ್ಟರೆ ಕೂರುತ್ತಿದ್ದರು. ಕೊಡದಿದ್ದರೆ ನಿಂತೇ ಇರುತ್ತಿದ್ದರು, ಬೆಳಿಗ್ಗೆಯಿಂದ ಸಂಜೆಯವರೆಗೆ ಬೇಕಾದರೆ. ಕಟ್ಟೆಯ ಮೇಲಾಗಲಿ ನೆಲದ ಮೇಲಾಗಲಿ ಕೂತದ್ದನ್ನು ಯಾರೂ ನೋಡಿಲ್ಲ. ಮೊಣಕಾಲು ಹಿಡಿದುಕೊಂಡು ನಿಂತ ಮುದುಕನನ್ನು ನೋಡಲಾರದೆ ಕಡೆಕಡೆಗೆ ಕಾರಕೂನರೇ ಕುರ್ಚಿ ತಂದು ಹಾಕುತ್ತಿದ್ದರು. ಬರೆದ ಕಾಗದದಲ್ಲಿ ಆಳುಗಳ ಹೆಸರು, ತಂದೆಯ ಹೆಸರು, ಎಲ್ಲ ಸರಿಯಾಗಿ ಇರುತ್ತಿತ್ತು. ಧಣಿಯ ಹೆಸರು ಕಚೇರಿಗೆ ಬೇಕೇಬೇಕಾದರೆ ಬೇರೆ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ತಮ್ಮ ನೋಟುಬುಕ್ಕಿನಲ್ಲಂತೂ ಒಂದು ಕಡೆಯೂ ಇಲ್ಲ. "ದುಡದವರ ಹೆಸರ ಬರೀತೇನಿ. ದುಡಿಸಿಕೊಂಡವರದು ಯಾಕ? ಒಬ್ಬನ ಹೆಸರ ಬರದ್ರ ಉಳದವರು ನಾ ಅಲ್ಲ ಅಂತ ಆರಾಮ ಮಲಕ್ಕೊಂತಾರ" ಎನ್ನುತ್ತಿದ್ದರು.

ಇಷ್ಟೆಲ್ಲ ಮಾಡುವ ಮನುಷ್ಯ ತನ್ನ ಹಳೇ ಧಣಿಯ ಮನೆಗೆ ಆಗೀಗ ಹೋಗಿ, ಚಹಾ ಕುಡಿದು ಬರುತ್ತಿದ್ದರು. ನಾನೊಮ್ಮೆ ಕೇಳಿದೆ, ನಿಮಗೆ ನಾಚಿಕೆ ಆಗುವುದಿಲ್ಲವೇ ಎಂದು. "ಈಗ ನನಗ ಬಾ ಅನ್ನವರೂ ಇಲ್ಲ, ಹೋಗಬ್ಯಾಡ ಅನ್ನವರೂ ಇಲ್ಲ. ಅದಕ್ಕ ಹೊಕ್ಕೇನಿ" ಎಂದರು. ಇದು ನನ್ನ ತಲೆಗೆ ಇವತ್ತಿಗೂ ಹತ್ತಿಲ್ಲ.

ಇನ್ನು ನನ್ನ ಸುದ್ದಿ. ನಾಲ್ಕನೇ ಇಯತ್ತೆ ಮುಗಿಸಿದ ವರ್ಷ ಅಪ್ಪ ನನ್ನನ್ನು ಅಕ್ಕಿಆಲೂರಿನ ಹತ್ತಿರದ ಒಂದು ಊರಿಗೆ ಕರೆದುಕೊಂಡು ಹೋಗಿ, ಒಂದು ದೊಡ್ಡ ಮನೆಯ ಕಟ್ಟೆಯ ಮೇಲೆ ಕೂರಿಸಿ, "ಹೇಳಿದಂಗ ಕೇಳಕೊಂಡಿರು" ಎಂದು ಹೇಳಿ ಬಸ್ಸು ಹತ್ತಿದ. ಆ ಮನೆಯಲ್ಲಿ ಆಗಲೇ ಇದ್ದ ಆಳು ಫಕೀರಪ್ಪ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವ. ಇಬ್ಬರೂ ಮಲಗುವುದು ದನದ ಕೊಟ್ಟಿಗೆಯಲ್ಲಿ. ನಾವು ಉಣ್ಣುವ ಎರಡು ಜರ್ಮನ್ ಗಂಗಾಳಗಳು ಕೊಟ್ಟಿಗೆಯ ಗೂಡಿನಲ್ಲಿ ಇರುತ್ತಿದ್ದವು, ಒಳಗೆ ಬರುತ್ತಿರಲಿಲ್ಲ. ಹೊಡೆದರು ಬಡಿದರು ಎಂದು ಹೇಳಿದರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ಧಣಿಯವರು ಕೈ ಎತ್ತಿದವರಲ್ಲ. ಜ್ವರ ಬಂದರೆ ಗೌಡತಿ ಕಷಾಯ ಕಾಸಿ ಕಳಿಸುತ್ತಿದ್ದರು. ಕೆಲಸದಲ್ಲಿ ನಾನು ಯಾರಿಗೂ ಸೋತವನಲ್ಲ. ಹದಿನೈದಕ್ಕೆ ಕುಂಟೆ ಹೊಡೆಯುತ್ತಿದ್ದೆ, ಇಡೀ ಊರು ನೋಡಿ ಭೇಷ್ ಎನ್ನುತ್ತಿತ್ತು. ಆ ಭೇಷ್ ಎನ್ನುವುದರಲ್ಲೇ ನನ್ನ ಹೊಟ್ಟೆ ತುಂಬುತ್ತಿತ್ತು. ಅಪ್ಪ ಸತ್ತಾಗ ಮಾತ್ರ ನಮ್ಮೂರಲ್ಲಿ ಒಂದು ದಿನದ ಮೇಲೆ ಇರಲು ಬಿಡಲಿಲ್ಲ, ಬಿತ್ತನೆ ಕಾಲ.

ನಮ್ಮ ಕಡೆ ಆಳಿನ ವರ್ಷ ಉಗಾದಿಗೆ ಮುಗಿದು ಉಗಾದಿಗೇ ಶುರುವಾಗುತ್ತದೆ. ಅವತ್ತು ಧಣಿ ಆಳಿನ ಹೆಗಲಿಗೆ ಹೊಸ ಕಂಬಳಿ ಹಾಕುತ್ತಾರೆ. ಆಳು ಅದನ್ನು ಹೊದ್ದುಕೊಂಡ ಎಂದರೆ ಇನ್ನೊಂದು ವರ್ಷಕ್ಕೆ ಒಪ್ಪಿದ ಎಂದು ಅರ್ಥ. ಮಾತಿಲ್ಲ, ಕಾಗದವಿಲ್ಲ. ಹಾಗಾಗಿ ಮಾಸ್ತರಿಗೆ ಉಗಾದಿ ಎಂದರೆ ಹಬ್ಬವಲ್ಲ, ಊರೂರು ಅಲೆಯುವ ದಿವಸ. ಸೂರ್ಯ ಹುಟ್ಟುವ ಮೊದಲೇ ಹೊರಟು, ಎಲ್ಲಿ ಆಳು ಕಂಡರೂ ನಿಲ್ಲಿಸಿ ಒಂದೇ ಪ್ರಶ್ನೆ: "ಏನಪಾ, ಈ ವರ್ಷ ಇರ್ತೀಯೋ ಹೊಕ್ಕೀಯೋ?" ಹಬ್ಬದ ದಿವಸ ಬೆಳಗಾದರೆ ಈ ಅಪಶಕುನ ಎದುರಿಗೆ ಬರುತ್ತದೆ ಎಂದು ಧಣಿಗಳು ಉಗುಳುತ್ತಿದ್ದರು.

ನನಗೆ ಹದಿನೇಳು ಇದ್ದಾಗ ಎತ್ತು ತೊಳೆಯಲು ಕೆರೆಗೆ ಹೋಗಿದ್ದೆ. ಅಲ್ಲಿಗೂ ಬಂದರು. ಮಾಸಿದ ಧೋತರ, ಕಂಕುಳಲ್ಲಿ ಗೋಣಿದಾರದಿಂದ ಕಟ್ಟಿದ ಕಾಗದದ ಕಟ್ಟು.

"ಏನ ತಮ್ಮಾ, ಇರ್ತೀಯೋ ಹೊಕ್ಕೀಯೋ?"

"ಎಲ್ಲಿಗೆ ಹೋಗ್ಲಿರಿ? ನಮ್ಮ ಮನೀ ಇಲ್ಲೇ ಐತಿ."

"ನಿಮ್ಮ ಮನ್ಯಾಗ ನಿನ್ನಿ ಎಲ್ಲಿ ಕುಂತ ಉಂಡಿ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ನಾ ಜೀತದಾಳಲ್ರಿ. ದುಡೀತೇನಿ, ಉಣ್ತೇನಿ. ಬ್ಯಾರೇದವರ ಊಟದ ಉಸಾಬರಿ ನಿಮಗ್ಯಾಕ?" ಎಂದು ಎತ್ತಿನ ಮೈಗೆ ಚೊಂಬು ನೀರು ಹಾಕಿದೆ, ಅವರ ಧೋತರಕ್ಕೂ ಸಿಡಿಯುವ ಹಾಗೆ. ಅವರು ಧೋತರ ಹಿಂಡಿಕೊಂಡು, ನನ್ನ ಹೆಸರು, ಅಪ್ಪನ ಹೆಸರು ಕೇಳಿ ಬರೆದುಕೊಂಡು ಹೋದರು. ಯಾಕೆ ಹೇಳಿದೆನೋ, ಹೇಳಿದೆ.

ನನ್ನ ಮತ್ತು ಫಕೀರಪ್ಪನ ಪರವಾಗಿ ಅವರು ಕೊಟ್ಟ ಅರ್ಜಿಯ ಮೇಲೆ ಬೇಸಿಗೆಯಲ್ಲಿ ಜೀಪು ಬಂತು, ತಾಲೂಕು ಕಚೇರಿಯಿಂದ ಒಬ್ಬ ಸಾಹೇಬರು. ವಿಚಾರಣೆ ನಡೆದದ್ದು ನಮ್ಮ ಧಣಿಯ ಪಡಸಾಲೆಯಲ್ಲಿ. ಮಧ್ಯಾಹ್ನ, ಒಳಗೆ ಹೋಳಿಗೆ ಬೇಯುವ ವಾಸನೆ. ಧಣಿಯವರು ಬಾಗಿಲಿಗೆ ಬಂದು ನನ್ನನ್ನು ಕರೆದರು. "ಬಾರೋ ತಮ್ಮಾ ಬಸಪ್ಪಾ, ಕೈಕಾಲ ತೊಳಕೊಂಡ ಒಳಗ ಬಾ, ಸಾಹೇಬ್ರ ಕೂಡ ಊಟಕ್ಕ ಕುಂದ್ರು." ಏಳು ವರ್ಷದಲ್ಲಿ ಆ ಹೊಸ್ತಿಲನ್ನು ನಾನು ಉಣ್ಣುವುದಕ್ಕೆಂದು ದಾಟಿದ್ದು ಅದೇ ಮೊದಲು. ಸ್ಟೀಲಿನ ತಾಟು. ಪಕ್ಕದಲ್ಲಿ ಸಾಹೇಬರ ತಾಟು. ಗೌಡತಿಯವರೇ ಬಂದು ಹೋಳಿಗೆಯ ಮೇಲೆ ತುಪ್ಪ ಹಾಕಿದರು, ಸಾಕೆಂದರೂ ಹಾಕಿದರು.

ಸಾಹೇಬರು ಕೇಳಿದರು, "ಏನೋ ಹುಡುಗಾ, ನಿನ್ನ ಯಾರಾರ ಇಲ್ಲಿ ಹಿಡದಿಟ್ಟಾರೇನು?"

"ಇಲ್ಲರಿ ಸಾಹೇಬ್ರ. ನಾ ಈ ಮನೀ ಮಗ ಇದ್ದಂಗ."

ಯಾರೂ ನನಗೆ ಹೀಗೆ ಹೇಳೆಂದು ಹೇಳಿಕೊಟ್ಟಿರಲಿಲ್ಲ. ನಾನೇ ಹೇಳಿದೆ, ಎದೆ ಎತ್ತಿ ಹೇಳಿದೆ. ಅವರು ಬರೆದುಕೊಂಡರು. ಫಕೀರಪ್ಪನನ್ನು ಆಮೇಲೆ ಕರೆದರು. ಆ ಹೊತ್ತಿಗೆ ನಾನು ಎತ್ತಿಗೆ ಮೇವು ಹಾಕಲು ಹೋಗಿದ್ದೆ. ಅರ್ಜಿ ವಜಾ ಆಯಿತು, ಇಬ್ಬರದೂ. ಮರುದಿನ ನನ್ನ ಜರ್ಮನ್ ಗಂಗಾಳ ಕೊಟ್ಟಿಗೆಯ ಗೂಡಿನಲ್ಲೇ ಇತ್ತು. ಅದರಲ್ಲಿ ನಿನ್ನೆಯ ಹೋಳಿಗೆ ಎರಡು ಇದ್ದವು, ಹಾಗಾಗಿ ನನಗೆ ಬೇಜಾರೂ ಆಗಲಿಲ್ಲ.

ಹದಿನೈದು ದಿನದ ಮೇಲೆ ಅಕ್ಕಿಆಲೂರಿನ ಸಂತೆಯಲ್ಲಿ ಮಾಸ್ತರು ಸಿಕ್ಕರು. ಬೈಯುತ್ತಾರೆಂದು ನಾನು ಮುಖ ತಿರುಗಿಸಿದೆ. ಅವರೇ ಹತ್ತಿರ ಬಂದರು.

"ಹೋಳಿಗಿ ಛಲೋ ಇದ್ದವೇನು?"

"ಇದ್ದವ್ರಿ."

"ತುಪ್ಪ ಹಾಕಿದ್ರ?"

"ಹಾಕಿದ್ರಿ. ಸಾಕಂದ್ರೂ ಹಾಕಿದ್ರು."

"ಹಾಂ," ಎಂದು ಕಟ್ಟು ಬಿಚ್ಚಿ ಅದನ್ನೂ ಬರೆದುಕೊಂಡರು. ಅದು ಚುಚ್ಚಿ ಕೇಳಿದ್ದೋ, ನಿಜವಾಗಿಯೂ ಊಟ ಹೇಗಿತ್ತೆಂದು ಕೇಳಿದ್ದೋ? ನಲವತ್ತು ವರ್ಷ ಆಯಿತು, ಆ ಮುಖವನ್ನು ಎಷ್ಟು ಸಲ ನೆನೆಸಿಕೊಂಡರೂ ನನಗೆ ಗೊತ್ತಾಗುವುದಿಲ್ಲ.

ಮುಂದಿನ ಉಗಾದಿಗೂ ಬಂದು ಕೇಳಿದರು, ಇರುತ್ತೇನೆ ಎಂದೆ. ಅದರ ಮುಂದಿನ ಉಗಾದಿಗೆ ಕೇಳಿದರು. ಅವತ್ತು ಏನಾಯಿತೋ, ಹೊಸದೇನೂ ನಡೆದಿರಲಿಲ್ಲ, ಧಣಿ ಹೆಗಲಿಗೆ ಹಾಕಿದ ಕಂಬಳಿಯನ್ನು ಮಡಚಿ ಕಟ್ಟೆಯ ಮೇಲಿಟ್ಟು, ಅಡ್ಡಬಿದ್ದು, ಹೊರಗೆ ನಡೆದೆ. ಯಾರೂ ತಡೆಯಲಿಲ್ಲ. ಆಮೇಲೆ ತಿಳಿಯಿತು, ನಾನು ಬಿಟ್ಟುಹೋಗುವ ದಿವಸ ಯಾರೂ ತಡೆಯಕೂಡದೆಂದು ಮಾಸ್ತರು ಮೊದಲೇ ಠಾಣೆಗೂ ಕಚೇರಿಗೂ ಕಾಗದ ಕೊಟ್ಟಿಟ್ಟಿದ್ದರು, ಎರಡು ವರ್ಷವೂ. ಅವರೇ ನನ್ನನ್ನು ಶಿಗ್ಗಾಂವಿಗೆ ಕರೆದೊಯ್ದು ಗೋಡೆ ಕಟ್ಟುವ ಒಬ್ಬ ಗೌಂಡಿಯ ಕೈಗೆ ಒಪ್ಪಿಸಿದರು. ಜನ ಕೇಳಿದರೆ, ಕೈಯಲ್ಲಿ ಕರಣಿ ಹಿಡಿದು ನಾನೊಬ್ಬನೇ ಮೇಲೆ ಬಂದೆ ಎಂದು ಹೇಳುತ್ತಾ ಬಂದಿದ್ದೇನೆ. ಕರಣಿ ಹಿಡಿದದ್ದು ನಾನೇ, ಸುಳ್ಳಲ್ಲ. ಹಿಡಿಯುವ ಜಾಗಕ್ಕೆ ಕರೆದೊಯ್ದವರ ಮಾತು ಎತ್ತಿರಲಿಲ್ಲ, ಅಷ್ಟೆ.

ಫಕೀರಪ್ಪ ಅಲ್ಲೇ ಉಳಿದ. ಅಷ್ಟರೊಳಗೆ ಅವನಿಗೆ ಹೆಂಡತಿ, ಮಕ್ಕಳು, ಮೈಮೇಲೆ ಬೆಳೆಯುತ್ತಿದ್ದ ಸಾಲ. ಮಾಸ್ತರು ಅವನ ಪರವಾಗಿ ಮತ್ತೆ ಬರೆದರು, ಮತ್ತೆ ಬರೆದರು. ಪ್ರತಿ ಸಲವೂ ಹಳೇ ಫೈಲು ತೆರೆದು, ಆಗಲೇ ವಿಚಾರಣೆ ಆಗಿದೆ, ಆಳೇ ಮನೆಯ ಮಗನ ಹಾಗೆ ಇದ್ದೇನೆಂದು ಹೇಳಿದ್ದಾನೆ ಎಂಬ ಉತ್ತರ. ಆಗ ನಾನು ಕಟ್ಟುತ್ತಿದ್ದ ಕಡೆ ಬಂದು ಮಾಸ್ತರು ಕೇಳಿದರು.

"ತಮ್ಮಾ, ನೀ ಈಗ ಹೊರಗ ಬಂದಿ. ಅವತ್ತ ಹೇಳಿದ್ದ ಬ್ಯಾರೆ, ಇದ್ದದ್ದ ಬ್ಯಾರೆ ಅಂತ ಒಂದ ಮಾತ ಬರಕೊಡು. ಅವನ ಫೈಲ್ ತಗೀತಾರ."

ಗೋಡೆಯ ಮೇಲಿದ್ದ ನಾನು ಕೆಳಗಿಳಿಯಲಿಲ್ಲ. ಸುತ್ತ ಎಲ್ಲ ಗೌಂಡಿಗಳು. ನಾನು ಜೀತಕ್ಕಿದ್ದವನು ಎಂದು ಅವರೆದುರಿಗೆ ಕಾಗದ ಮಾಡಿಕೊಡುವುದೇ? "ನನಗ ಬರಾಕ ಬರಂಗಿಲ್ರಿ" ಎಂದೆ. ನಾಲ್ಕನೇ ಇಯತ್ತೆಯವರೆಗೆ ಕಲಿತವನು, ಬಸ್ಸಿನ ಬೋರ್ಡು ನೋಡಿ ಕಲಿತವರ ಎದುರು. ಅವರು ಕಾಗದದ ಕಟ್ಟನ್ನು ಕಂಕುಳಿಗೆ ಸೇರಿಸಿಕೊಂಡು ಹೋದರು. ಆರು ತಿಂಗಳು ಬಿಟ್ಟು ಮತ್ತೆ ಬಂದರು. ಆಗಲೂ ಅದೇ ಹೇಳಿದೆ.

ನಾಲ್ಕು ವರ್ಷದ ಮೇಲೆ ಧಣಿಯವರು ಟ್ರ್ಯಾಕ್ಟರು ತಂದು ಎತ್ತು ಮಾರಿದರು. ಎತ್ತಿಲ್ಲದ ಮನೆಗೆ ಆಳು ಯಾಕೆ? ಫಕೀರಪ್ಪನಿಗೆ ಹೋಗೆಂದರು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹಿರೇಕೆರೂರು ಕಡೆಗೆ ಹೋದ. ಇನ್ನೇನು, ಮುಗಿಯಿತಲ್ಲ ಎಂದು ನಾನು ಮಾಸ್ತರಿಗೆ ಹೇಳಿದಾಗ ಒಮ್ಮೆ ಮಾತ್ರ ಅವರ ದನಿ ಗಡುಸಾದದ್ದನ್ನು ಕೇಳಿದೆ.

"ಬಿಡುಗಡಿ ಆದವ ಬ್ಯಾರೆ, ಹೋಗಂತ ಹೊರಗ ಹಾಕಿದವ ಬ್ಯಾರೆ. ಅವನ ಕೈಯಾಗ ಕಾಗದ ಇಲ್ಲ."

ಆ ಕಾಗದಕ್ಕಾಗಿ ಅವರು ಕೊನೆಯವರೆಗೂ ಬರೆದರು, ಸಿಗಲಿಲ್ಲ. ಎಷ್ಟೋ ಮಂದಿಗೆ ಸಿಕ್ಕಿತು, ಮಾಸ್ತರು ಸತ್ತಾಗ ಅವರ ಅಂಗಳದಲ್ಲಿ ಕೂತು ಅತ್ತವರೆಲ್ಲ ಅಂಥವರೇ. ಫಕೀರಪ್ಪನಿಗೆ ಸಿಗಲಿಲ್ಲ.

ಧಣಿಯವರು ತೀರಿಕೊಂಡ ಮೇಲೆ ಆ ಹಳೇ ಮನೆ ಕೆಡವಿ ಹೊಸದು ಕಟ್ಟುವ ಕೆಲಸ ನನಗೇ ಬಂತು. ನನ್ನನ್ನೇ ಕರೆದರೆಂದು ನನಗೆ ಹೆಮ್ಮೆ. ಮಾಸ್ತರು ಒಂದು ದಿನ ಅಲ್ಲಿಗೂ ಬಂದು, ಕೊಟ್ಟಿಗೆ ಎಲ್ಲಿತ್ತು ಎಂದು ಕೇಳಿದರು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ ಎಂದೆ. ಆ ಜಾಗವನ್ನು ಉದ್ದ ಒಮ್ಮೆ, ಅಗಲ ಒಮ್ಮೆ ಹೆಜ್ಜೆ ಹಾಕಿ ಅಳೆದು, ಬರೆದುಕೊಂಡು, "ಪಾಯಾ ಛಲೋ ಹಾಕೀಯೇನು?" ಎಂದು ಕೇಳಿ ಹೋದರು.

ಫೋನು ಬಂದ ಮೂರನೇ ದಿವಸ ಹಿರೇಕೆರೂರು ಬಸ್ಸು ಹತ್ತಿದೆ, ಫಕೀರಪ್ಪನನ್ನು ಕೇಳದೆ ಬರೆಯಬಾರದೆಂದು. ಅವನು ತನ್ನ ಮಗಳ ಮನೆಯ ಮುಂದೆ ರಸ್ತೆಯ ಮೇಲೆ ಗೋವಿನಜೋಳ ಒಣಹಾಕಿ, ಕಾಲಿನಿಂದ ಸಾಲು ಎಳೆಯುತ್ತಿದ್ದ.

"ಯಾರಪಾ?"

"ನಾನು ಫಕೀರಣ್ಣಾ, ಬಸಪ್ಪ."

"ಬಸಪ್ಪ ಅಂದ್ರ ಓಣಿಗೆ ನಾಕ ಮಂದಿ ಅದಾರ. ಗೌಂಡಿ ಬಸಪ್ಪ ಅನ್ನು. ದೊಡ್ಡ ಮನಶ್ಯಾ ಆಗೀದಿ ಅಂತ ಕೇಳೇನಿ. ಬಾ, ಚಪ್ಪಲ ಬಿಟ್ಟ ಬಾ, ಕಾಳ ತುಳಿಬ್ಯಾಡ."

ಹಾಳೆಯ ವಿಷಯ ಹೇಳಿದೆ. ಅವತ್ತು ನಾನು ಹೇಳಿದ ಮಾತಿನಿಂದ ನಿನಗೆ ಹೀಗಾಯಿತು ಎಂದೆ. ಅಷ್ಟು ಹೇಳುವುದಕ್ಕೆ ನಲವತ್ತು ವರ್ಷ ಹಿಡಿಯಿತು. ಅವನು ಕಾಲಾಡಿಸುವುದನ್ನು ನಿಲ್ಲಿಸಲಿಲ್ಲ.

"ನೀ ಏನ ಹೇಳಿದಿ ಅಂತ ನನಗ ಗೊತ್ತೈತೋ. ಕಿಡಕ್ಯಾಗಿಂದ ಕೇಳ್ತಿತ್ತು. ನಿನಗ ಪಡಸಾಲ್ಯಾಗ ಹಾಕಿದ್ರು, ನನಗ ಕಟ್ಟಿ ಮ್ಯಾಲ ಹಾಕಿದ್ರು. ಹೊಟ್ಟಿಕಿಚ್ಚ ಬಂದಿತ್ತ ನನಗ. ಆಮ್ಯಾಲ ಕರದು ಕೇಳಿದ್ರಲ್ಲ, ನಾನೂ ಅಂದೆ, ನಾನೂ ಮನೀ ಮಗನ ಅಂತ. ಸಾಹೇಬ ನಕ್ಕ. ಏನ್ರೀ ಗೌಡ್ರ, ಎಷ್ಟ ಮಂದಿ ಮಕ್ಕಳ್ರಿ ನಿಮಗ ಅಂದ."

ಅವನೂ ನಕ್ಕ. ನನಗೆ ನಗು ಬರಲಿಲ್ಲ.

"ಮಾಸ್ತರಿಗೆ ಇದು ಗೊತ್ತಿತ್ತೇನು?"

"ಗೊತ್ತಿತ್ತಲ್ಲ. ಫೈಲನ್ಯಾಗ ಐತಿ."

"ನನಗ್ಯಾಕ ಹೇಳ್ಲಿಲ್ಲ ಅವರು?"

"ನೀ ಯಾವಾಗ ಕೇಳೀದಿ?"

"ಹಂಗಾರ ತಪ್ಪ ನನ್ನೊಬ್ಬಂದ ಅಲ್ಲ."

ಆಗ ಅವನು ಕಾಲು ನಿಲ್ಲಿಸಿದ. "ನಾ ಹಂಗ ಅಂದ್ನೇನು? ಮದಲ ಕರದದ್ದು ನಿನ್ನ. ನೀ ಹೌದ್ರಿ, ಜೀತ ಐತ್ರಿ ಅಂದಿದ್ರ ನಾನೂ ಹೌದಂತಿದ್ದೆ." ಮತ್ತೆ ಸಾಲು ಎಳೆಯತೊಡಗಿದ. "ನಂದೆಲ್ಲಾ ಮಾಸ್ತರು ಕೇಳಿ ಬರಕೊಂಡ ಹೋಗ್ಯಾರ. ನನಗ ಬರಾಕ ಬರಂಗಿಲ್ಲ. ನಿನಗ ಬರ್ತೈತಿ. ಅದಕ್ಕ ನಿನಗ ಖಾಲಿ ಬಿಟ್ಟಾರ, ಮತ್ತೇನೂ ಇಲ್ಲ."

ಊಟ ಮಾಡಿಸಿ ಕಳಿಸಿದ. ಬಸ್ಸಿನಲ್ಲಿ ಎಷ್ಟು ಲೆಕ್ಕ ಹಾಕಿದರೂ ಭಾರ ಇಳಿಯಿತೋ ಏರಿತೋ ತಿಳಿಯಲಿಲ್ಲ.

ಮನೆಗೆ ಬಂದು, ಎರಡು ಹಾಳೆ ತೆಗೆದುಕೊಂಡು ಬರೆದೆ. ನಾನು ಆ ಊರಿನ ಒಂದು ಮನೆಯಲ್ಲಿ ಒಂಬತ್ತು ವರ್ಷ ಜೀತಕ್ಕಿದ್ದೆ. ವಿಚಾರಣೆಯ ದಿವಸ ನಾನು ಹೇಳಿದ್ದು ಸುಳ್ಳು. ಇಷ್ಟು ಬರೆದು, ಸುಳ್ಳು ಎಂಬುದನ್ನು ಹೊಡೆದು ಹಾಕಿದೆ. ಮತ್ತೆ ಬರೆದೆ, ಮತ್ತೆ ಹೊಡೆದೆ. ಹೆಂಡತಿ ಹಿಂದೆ ನಿಂತು ಓದುತ್ತಿದ್ದಳು. ಮೊದಲ ಸಾಲಿನ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

"ಅದನ್ಯಾಕ ಹೊಡೀತೀರಿ?"

"ಅವತ್ತ ಖರೇ ಅನಸಿತ್ತ ನನಗ."

"ಹಂಗಾರ ಹಂಗ ಬರೀರಿ. ಹಾಳಿ ಹರದೀತು."

ಹಾಗೇ ಬರೆದೆ. ಅವತ್ತು ನನಗೆ ಅದು ಖರೆ ಎನಿಸಿತ್ತು, ಅದರಿಂದ ಫಕೀರಪ್ಪನಿಗೆ ಇಂದಿಗೂ ಬಿಡುಗಡೆಯ ಕಾಗದ ಸಿಕ್ಕಿಲ್ಲ, ಅವನಿಗೆ ಕೊಡಬೇಕು ಎಂದು. ಕೆಳಗೆ ಸಹಿ ಮಾಡಿದೆ. ಒಂದೂವರೆ ಹಾಳೆ ಇನ್ನೂ ಉಳಿದಿತ್ತು. ಅದಕ್ಕೆ ಹಾಕುವಂಥದ್ದು ನನ್ನಲ್ಲಿ ಇರಲಿಲ್ಲ.

ಬೆನ್ನ ಹಿಂದೆ ಮಾಡುವ ಕೆಲಸ ನನ್ನದಲ್ಲ. ಅಚ್ಚಿಗೆ ಕೊಡುವ ಮೊದಲು ಧಣಿಯ ಮನೆಯವರಿಗೆ ಹೇಳಬೇಕೆಂದು ಹೊರಟೆ. ಈಗ ಅಲ್ಲಿ ಯಜಮಾನ ಅವರ ಮೊಮ್ಮಗ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಒಳ್ಳೆಯ ಹುಡುಗ. ಮದುವೆ ಮುಂಜಿಗೆ ನನ್ನನ್ನು ಬಿಟ್ಟು ಮಾಡಿದವನಲ್ಲ. ಇವತ್ತಿನ ಮೇಲೆ ಈ ಹೊಸ್ತಿಲು ನನಗೆ ಮುಚ್ಚಿತು ಎಂದುಕೊಂಡೇ ಒಳಗೆ ಕಾಲಿಟ್ಟೆ. ನಾನೇ ಕೂರಿಸಿದ ಹೊಸ್ತಿಲು.

"ಬರ್ರಿ ಕಾಕಾ, ಕುಂದರ್ರಿ. ನಾನ ಫೋನ್ ಮಾಡಾಂವ ಇದ್ದೆ. ಮ್ಯಾಲಿನ ನೀರಿನ ಟಾಕಿ ಸೋರಾಕತ್ತೈತಿ."

"ನೋಡೂಣು ತಮ್ಮಾ. ಮದಲ ಇದನ್ನ ಓದು."

ಅವನು ನಿಂತೇ ಓದಿದ. ಓದಿ ಕೂತ.

"ಇದು ನಮ್ಮ ಮನೀದ ಏನ್ರಿ?"

"ಹೌದು."

"ಅಜ್ಜಾ ನಿಮಗ ಏನ ಕಡಿಮಿ ಮಾಡಿದ್ದ ಕಾಕಾ?"

ದಾರಿಯುದ್ದಕ್ಕೂ ಹತ್ತು ಉತ್ತರ ಕಟ್ಟಿಕೊಂಡು ಹೋಗಿದ್ದೆ. "ಅದ ನನಗ ಹೇಳಾಕ ಬರವಲ್ದಪಾ. ಆದ್ರ ನಾ ಜೀತಕ್ಕಿದ್ದದ್ದು ಖರೆ."

ಅವನು ಮತ್ತೊಮ್ಮೆ ಹಾಳೆ ನೋಡಿದ, ಹಿಂದೆ ತಿರುಗಿಸಿಯೂ ನೋಡಿದ.

"ನಮ್ಮ ಹೆಸರೈತೇನ್ರಿ ಬುಕ್ಕನ್ಯಾಗ?"

"ಇಲ್ಲ. ಮಾಸ್ತರು ಧಣಿಗಳ ಹೆಸರು ಬರೀತಿದ್ದಿಲ್ಲ."

"ಊರ ಹೆಸರು?"

"ಊರಿಂದ ಐತಿ."

"ಊರಾಗ ಭಾಳ ಮನಿ ಅದಾವ ಬಿಡ್ರಿ," ಎಂದು ಹಾಳೆಯನ್ನು ಮಡಿಕೆಯ ಮೇಲೇ ಮಡಚಿ ನನ್ನ ಕೈಗಿಟ್ಟ. ಮುಖ ತಿಳಿಯಾಗಿತ್ತು. ಒಳಗೆ ತಿರುಗಿ, "ಕಾಕಾಗ ಚಾ ತರ್ರಿ" ಎಂದ.

ಚಹಾ ಕುಡಿದೆ. ಮೇಲೆ ಹತ್ತಿ ಟಾಕಿಯನ್ನೂ ನೋಡಿದೆ, ಪೈಪು ಕೂಡುವ ಕಡೆ ಸಡಿಲವಾಗಿತ್ತು, ಬಿಗಿ ಮಾಡಿದೆ. ಅಲ್ಲಿಂದ ಹಾನಗಲ್ಲಿಗೆ ಬಂದು ಮಾಸ್ತರ ಮಗಳ ಕೈಗೆ ಹಾಳೆಗಳನ್ನು ಕೊಟ್ಟೆ. ಅವಳು ಓದಿ, ಉಳಿದ ಜಾಗ ಏನು ಮಾಡಲಿ ಎಂದಳು. ಹಾಗೇ ಬಿಡು ಎಂದೆ.

ಮುಚ್ಚೀತು ಎಂದುಕೊಂಡ ಬಾಗಿಲು ಮುಚ್ಚಲಿಲ್ಲ. ಅದಕ್ಕೆ ನಾನು ಸಮಾಧಾನಪಡಬೇಕಿತ್ತು. ಮಾಸ್ತರು ಧಣಿಯ ಹೆಸರು ಬರೆಯದೆ ಬಿಟ್ಟದ್ದು ಆ ಮನೆಯವರನ್ನು ಉಳಿಸಿತೋ, ನನ್ನನ್ನು ಉಳಿಸಿತೋ ಎಂದು ಯೋಚಿಸುತ್ತಾ ಬಸ್ ನಿಲ್ದಾಣದಲ್ಲಿ ಕೂತಿದ್ದೆ. ಬಸ್ಸು ಬಂದು, ಏರಿ, ಕಿಟಕಿಯ ಪಕ್ಕ ಕೂತ ಮೇಲೆ ಹೊಳೆಯಿತು. ಹುಡುಗ ತನ್ನ ಮನೆತನದ ಹೆಸರು ಕೇಳಿದ, ಊರಿನ ಹೆಸರು ಕೇಳಿದ. ಕೆಳಗೆ ಸಹಿ ಮಾಡಿದ ನನ್ನ ಹೆಸರೂ ಅಚ್ಚಾಗುತ್ತದೋ ಎಂದು ಅವನು ಕೇಳಲೇ ಇಲ್ಲ.